ಹಳೆಯ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್: ಕೈಯಲ್ಲಿರುವ ಕಡಿಮೆ ಹಣ ಮೊದಲು ಎಲ್ಲಿಗೆ ಹೋಗಬೇಕು?

ಇಪ್ಪತ್ತೈದು, ಮೂವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರು ಕೈಗೆ ಬಂದ ಮೇಲೆ ಬಹುತೇಕರು ಮೊದಲು ಬದಲಾಯಿಸಲು ಹೊರಡುವುದು ಸಸ್ಪೆನ್ಷನ್, ಅಂದರೆ ಚಕ್ರಗಳನ್ನು ಕಾರಿನ ಮೈಗೆ ಜೋಡಿಸುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ತೋಳುಗಳ ವ್ಯವಸ್ಥೆ. ಕಾರು ತಿರುವಿನಲ್ಲಿ ವಾಲುತ್ತದೆ, ಉಬ್ಬು ದಾಟಿದ ಮೇಲೂ ತೂಗಾಡುತ್ತದೆ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದು ಕಣ್ಣಿಗೆ ಒಗ್ಗುವುದಿಲ್ಲ. ಈ ಮೂರಕ್ಕೂ ಒಂದೇ ಮದ್ದು ಎಂಬಂತೆ ಗಿಡ್ಡನೆಯ, ಗಟ್ಟಿಯಾದ ನಾಲ್ಕು ಸ್ಪ್ರಿಂಗ್‌ಗಳ ಪೆಟ್ಟಿಗೆಯೊಂದು ಮಾರಾಟಕ್ಕೆ ಸಿಗುತ್ತದೆ. ಬೆಲೆಯೂ ಉಳಿದವುಗಳಿಗಿಂತ ಕಡಿಮೆ. ಹಣ ಬಿಗಿಯಾಗಿರುವಾಗ ಮುಂದೂಡಬೇಕಾದ ಖರೀದಿ ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ತಿಳಿಯಬೇಕಾದರೆ ಸಸ್ಪೆನ್ಷನ್ ಮಾಡುವ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಕಾರು ನೆಲವನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳಿಂದ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ತುಂಡುಗಳ ಹಿಡಿತವನ್ನು ನಂಬಿಕೊಂಡಿವೆ. ಟೈರಿನ ಸ್ವಭಾವವೊಂದನ್ನು ಇಲ್ಲಿ ನೆನಪಿಡಬೇಕು: ಮೇಲಿನ ಭಾರ ಹೆಚ್ಚಿದಂತೆ ಅದರ ಹಿಡಿತವೂ ಹೆಚ್ಚುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಗಿಂತ ಕಡಿಮೆಯೇ ಸಿಗುತ್ತದೆ. ಹಾಗಾಗಿ ಟೈರಿನ ಮೇಲಿನ ಭಾರ ಏರಿಳಿಯುತ್ತಲೇ ಇದ್ದರೆ, ಏರಿದಾಗ ಆಗುವ ಲಾಭಕ್ಕಿಂತ ಇಳಿದಾಗ ಆಗುವ ನಷ್ಟ ದೊಡ್ಡದು. ಒಳ್ಳೆಯ ಸಸ್ಪೆನ್ಷನ್ ಎಂದರೆ ಈ ಏರಿಳಿತವನ್ನು ಆದಷ್ಟು ಕಡಿಮೆ ಇಡುವಂಥದ್ದು. ಗಟ್ಟಿತನವಾಗಲಿ, ಕಾರಿನ ತಗ್ಗಾಗಲಿ ಆ ಗುರಿಗೆ ನೆರವಾದಷ್ಟು ಮಟ್ಟಿಗೆ ಮಾತ್ರ ಉಪಯುಕ್ತ.

1962ರಲ್ಲಿ ಬಂದ ಲೋಟಸ್ ಎಲಾನ್ ಇದಕ್ಕೆ ಹಳೆಯ ಸಾಕ್ಷಿ. ಆ ಹಗುರ ಕಾರಿನ ಸ್ಪ್ರಿಂಗ್‌ಗಳು ಮೆತ್ತಗಿದ್ದವು, ಚಕ್ರಗಳು ಮೇಲೆ ಕೆಳಗೆ ಚಲಿಸಲು ಧಾರಾಳ ಜಾಗವಿತ್ತು. ಚಕ್ರವನ್ನು ನೆಲಕ್ಕೆ ಅಂಟಿಸಿಡುವ ಕೆಲಸವನ್ನು ಡ್ಯಾಂಪರ್‌ಗಳು, ಅಂದರೆ ಶಾಕ್ ಅಬ್ಸಾರ್ಬರ್‌ಗಳು, ಅಚ್ಚುಕಟ್ಟಾಗಿ ಮಾಡುತ್ತಿದ್ದವು. ತಿರುವುಗಳಲ್ಲಿ ಆ ಕಾರು ನಡೆದುಕೊಳ್ಳುವ ರೀತಿಯನ್ನು ಇಂದಿಗೂ ಮಾದರಿಯಾಗಿ ಹೇಳುತ್ತಾರೆ. 1989ರಲ್ಲಿ ಮಾಜ್ದಾ ಎಂಎಕ್ಸ್-5 ಹೊರತಂದಾಗ ಅದರ ಹಿಂದಿದ್ದ ಸ್ಫೂರ್ತಿಗಳಲ್ಲಿ ಎಲಾನ್ ಮುಖ್ಯವಾದದ್ದು.

ಹೊಸದನ್ನು ಕೊಳ್ಳುವ ಮುನ್ನ ಕಾರಿನಲ್ಲಿ ಈಗಿರುವುದು ಯಾವ ಸ್ಥಿತಿಯಲ್ಲಿದೆ ಎಂದು ನೋಡಬೇಕು. ಮೊದಲು ಟೈರ್. ಅದರ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳು ಒತ್ತಿರುತ್ತವೆ. 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹಳೆಯ ಸ್ಪೋರ್ಟ್ಸ್ ಕಾರುಗಳು ವರ್ಷಕ್ಕೆ ಹೆಚ್ಚು ಓಡುವುದಿಲ್ಲ. ಹೀಗಾಗಿ ಟೈರಿನ ಗೆರೆಗಳು ಆಳವಾಗಿಯೇ ಉಳಿದು ರಬ್ಬರ್ ಮಾತ್ರ ಒಣಗಿ ಗಟ್ಟಿಯಾಗಿರುತ್ತದೆ. ಅಂಥ ಟೈರಿನ ಮೇಲೆ ಎಷ್ಟು ದುಬಾರಿ ಸಸ್ಪೆನ್ಷನ್ ಕೂರಿಸಿದರೂ ವ್ಯರ್ಥ. ಹಣ ಒಂದಕ್ಕೇ ಸಾಲುತ್ತದೆ ಎಂದಾದರೆ ಹೊಸ ಟೈರ್ ಹಾಕಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಆ ವರ್ಷಕ್ಕೆ ಅಲ್ಲಿಗೇ ನಿಲ್ಲಿಸುವುದು ಜಾಣತನ.

ಮುಂದೆ ಬುಷ್‌ಗಳು. ಸಸ್ಪೆನ್ಷನ್ ತೋಳುಗಳು ಕಾರಿನ ಚಾಸಿಗೆ ಸೇರುವಲ್ಲಿ ಇರುವ ಈ ರಬ್ಬರ್ ಉಂಗುರಗಳು ದಶಕಗಳ ನಂತರ ಬಿರುಕು ಬಿಟ್ಟು, ಒಳಗಿನ ಲೋಹದ ಕೊಳವೆಯಿಂದ ಕಿತ್ತುಬಂದಿರುತ್ತವೆ. ಆಗ ಬ್ರೇಕ್ ಒತ್ತಿದಾಗ ಚಕ್ರ ಒಂದು ಕಡೆ ಹೊರಳುತ್ತದೆ, ವೇಗ ಹೆಚ್ಚಿಸಿದಾಗ ಇನ್ನೊಂದು ಕಡೆ. ಕಾರನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಉದ್ದನೆಯ ಮೀಟುಗೋಲಿನಿಂದ ತೋಳನ್ನು ಮೀಟಿದರೆ ಸಡಿಲವಾದ ಬುಷ್ ತಾನೇ ಗೊತ್ತಾಗುತ್ತದೆ. ಬಾಲ್ ಜಾಯಿಂಟ್, ಸ್ಟೀರಿಂಗ್ ರಾಡಿನ ತುದಿ, ಸ್ಟ್ರಟ್‌ನ (ಸ್ಪ್ರಿಂಗ್, ಡ್ಯಾಂಪರ್ ಒಂದಾಗಿರುವ ಕಂಬದ) ಮೇಲಿನ ಮೌಂಟ್, ಸ್ಪ್ರಿಂಗ್ ಕೂರುವ ತಟ್ಟೆಯ ತುಕ್ಕು ಎಲ್ಲವನ್ನೂ ಅದೇ ಹೊತ್ತಿಗೆ ನೋಡಿಬಿಡಬೇಕು. ‘ಈ ಕಾರಿನ ಸಸ್ಪೆನ್ಷನ್ ಸರಿಯಿಲ್ಲ’ ಎಂಬ ದೂರಿನಲ್ಲಿ ದೊಡ್ಡ ಪಾಲು ಮೂಲ ವಿನ್ಯಾಸದ ದೋಷವಾಗಿರದೆ ಸವೆತದ ಫಲವಾಗಿರುತ್ತದೆ. ಸವೆದದ್ದನ್ನು ಬದಲಾಯಿಸಿದ ಮೇಲೆ ಕಾರು ಹೊಸದರಲ್ಲಿ ಹೇಗಿತ್ತು ಎಂಬುದು ತಿಳಿಯುತ್ತದೆ. ಅನೇಕರಿಗೆ ಅಷ್ಟೇ ಸಾಕೆನಿಸುತ್ತದೆ.

ಈಗ ವಿಷಯದ ತಿರುಳಿಗೆ ಬರೋಣ. ಸ್ಪ್ರಿಂಗ್ ಭಾರ ಹೊರುತ್ತದೆ. ಉಬ್ಬು ಬಂದಾಗ ಕುಗ್ಗಿ ಆ ಶಕ್ತಿಯನ್ನು ತನ್ನೊಳಗೆ ಕೂಡಿಟ್ಟುಕೊಂಡು, ಮರುಕ್ಷಣವೇ ಹಿಂದಿರುಗಿಸುತ್ತದೆ. ತಡೆಯುವವರಿಲ್ಲದಿದ್ದರೆ ಕಾರು ಬಹಳ ಹೊತ್ತು ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ತಡೆಯುವುದು ಡ್ಯಾಂಪರ್, ಅಂದರೆ ಎಲ್ಲರೂ ಶಾಕ್ ಅಬ್ಸಾರ್ಬರ್ ಎಂದು ಕರೆಯುವ ಭಾಗ. ಅದರೊಳಗೆ ಎಣ್ಣೆ ತುಂಬಿದ ಕೊಳವೆ ಮತ್ತು ಸಣ್ಣ ಕವಾಟಗಳಿರುವ ಪಿಸ್ಟನ್ ಇರುತ್ತದೆ. ಪಿಸ್ಟನ್ ಚಲಿಸಿದಾಗ ಎಣ್ಣೆ ಆ ಕವಾಟಗಳ ಮೂಲಕ ನುಸುಳಬೇಕು. ಹಾಗೆ ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಬದಲಾಗುತ್ತದೆ. ಹಾಳು ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ನಿಲ್ಲಿಸಿ, ಡ್ಯಾಂಪರ್‌ನ ಮೈಯನ್ನು ಹುಷಾರಾಗಿ ಮುಟ್ಟಿ ನೋಡಿದರೆ ಬಿಸಿ ಕೈಗೆ ತಾಕುತ್ತದೆ. ನಾಲ್ಕರಲ್ಲಿ ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ ಎಂದು ಶಂಕಿಸಬಹುದು.

ಡ್ಯಾಂಪರ್ ಒಂದೇ ದಿನ ಕೈಕೊಡುವುದಿಲ್ಲ. ವರ್ಷಗಳುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬಲ ಕಳೆದುಕೊಳ್ಳುತ್ತದೆ, ಓಡಿಸುವವರಿಗೆ ಅದೇ ಅಭ್ಯಾಸವಾಗಿಬಿಡುತ್ತದೆ. ಕಾರಿನ ಮೂಲೆಯನ್ನು ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಪರೀಕ್ಷೆ ಪೂರ್ತಿ ಸತ್ತ ಡ್ಯಾಂಪರ್ ಅನ್ನು ಮಾತ್ರ ಹಿಡಿದುಕೊಡುತ್ತದೆ. ಅರ್ಧ ಬಲ ಉಳಿದಿರುವುದು ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಹಾಗಾಗಿ ಮೂಲ ಡ್ಯಾಂಪರ್‌ಗಳೇ ಉಳಿದಿರುವ ಹಳೆಯ ಕಾರಿನಲ್ಲಿ ಅವು ಸವೆದಿವೆ ಎಂದು ಭಾವಿಸಿಯೇ ಹೊರಡುವುದು ಸರಿ.

ಗಟ್ಟಿ ಸ್ಪ್ರಿಂಗ್‌ಗಳ ಪೆಟ್ಟಿಗೆಯನ್ನು ಮೊದಲು ಕೊಳ್ಳಬಾರದು ಎಂದದ್ದಕ್ಕೆ ಮೊದಲ ಕಾರಣ ಇಲ್ಲಿದೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದನ್ನು ಹತೋಟಿಯಲ್ಲಿಡಲು ಡ್ಯಾಂಪರ್‌ಗೆ ಹೆಚ್ಚು ಬಲ ಬೇಕು. ಆ ಅಗತ್ಯ ಸ್ಪ್ರಿಂಗ್ ಗಟ್ಟಿತನದ ವರ್ಗಮೂಲದಂತೆ ಏರುತ್ತದೆ: ಗಟ್ಟಿತನ ಇಮ್ಮಡಿಯಾದರೆ ಡ್ಯಾಂಪರ್‌ಗೆ ಸುಮಾರು ಶೇ. 40ರಷ್ಟು ಹೆಚ್ಚು ಬಲ ಬೇಕು. ಈಗಾಗಲೇ ಬಲಗುಂದಿರುವ ಡ್ಯಾಂಪರ್ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದರೆ ಕಾರು ಉಬ್ಬಿಗೆ ಕಟುವಾಗುತ್ತದೆ, ಉಬ್ಬು ದಾಟಿದ ಮೇಲೆ ಮೊದಲಿಗಿಂತ ಬೇಗ ಬೇಗ ಕುಣಿಯುತ್ತದೆ. ಒರಟಾದ್ದರಿಂದ ಸ್ಪೋರ್ಟಿಯಾಗಿದೆ ಎಂಬ ಭ್ರಮೆ ಹುಟ್ಟುತ್ತದೆ, ಹಿಡಿತ ಮಾತ್ರ ಕಡಿಮೆಯಾಗಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಮೂಲ ಸ್ಪ್ರಿಂಗ್‌ಗಳನ್ನೇ ಉಳಿಸಿಕೊಂಡು ಒಳ್ಳೆಯ ಡ್ಯಾಂಪರ್‌ಗಳನ್ನು ಹಾಕಿದರೆ ಕಾರು ಬಿಗಿಯೂ ಆಗುತ್ತದೆ, ಎಷ್ಟೋ ಸಲ ಮೊದಲಿಗಿಂತ ಸುಖಕರವೂ ಆಗುತ್ತದೆ. ಒಂದು ರೂಪಾಯಿಗೆ ಅತಿ ಹೆಚ್ಚು ಫಲ ಸಿಗುವ ಜಾಗ ಇದು.

ಡ್ಯಾಂಪರ್ ಆರಿಸುವಾಗ ಎರಡು ಬಗೆಗಳ ಹೆಸರು ಎದುರಾಗುತ್ತದೆ. ಟ್ವಿನ್ ಟ್ಯೂಬ್‌ನಲ್ಲಿ ಒಂದರೊಳಗೊಂದು ಎರಡು ಕೊಳವೆಗಳಿರುತ್ತವೆ. ಸತತ ಬಡಿತದಲ್ಲಿ ಎಣ್ಣೆ ಕಾದು ಗಾಳಿಗುಳ್ಳೆ ಸೇರಿಕೊಂಡರೆ ಬಲ ಕುಸಿಯುತ್ತದೆ. ಮೋನೋ ಟ್ಯೂಬ್‌ನಲ್ಲಿ ಒಂದೇ ಕೊಳವೆ. ಒತ್ತಡದಲ್ಲಿರುವ ನೈಟ್ರೋಜನ್ ಮತ್ತು ಎಣ್ಣೆಯನ್ನು ತೇಲುವ ಪಿಸ್ಟನ್ ಬೇರ್ಪಡಿಸುತ್ತದೆ, ಶಾಖ ನೇರವಾಗಿ ಹೊರಗೋಡೆಯಿಂದ ಗಾಳಿಗೆ ಹೋಗುತ್ತದೆ. ಬಿಲ್‌ಸ್ಟೈನ್ ಕಂಪನಿ 1950ರ ದಶಕದಲ್ಲಿ ಮರ್ಸಿಡಿಸ್-ಬೆನ್ಜ್ ಕಾರುಗಳಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ತೊಡಗಿತು. ಸಾಮಾನ್ಯ ರಸ್ತೆಯ ಬಳಕೆಗೆ ಈ ಭೇದಕ್ಕಿಂತ ಕವಾಟಗಳನ್ನು ನಿಮ್ಮ ಕಾರಿನ ತೂಕಕ್ಕೆ, ಸ್ಪ್ರಿಂಗಿಗೆ ಹೊಂದಿಸಿದ್ದಾರೆಯೇ ಎಂಬುದು ಮುಖ್ಯ. ಒಳ್ಳೆಯ ಟ್ವಿನ್ ಟ್ಯೂಬ್ ಕಳಪೆ ಮೋನೋ ಟ್ಯೂಬ್‌ಗಿಂತ ಎಷ್ಟೋ ಮೇಲು.

ಬಿಲ್‌ಸ್ಟೈನ್ ತನ್ನ ಬಿ6 ಅನ್ನು ಮೂಲ ಎತ್ತರದ ಕಾರುಗಳಿಗೆಂದೂ, ಬಿ8 ಅನ್ನು ತಗ್ಗಿಸಿದ ಕಾರುಗಳಿಗೆಂದೂ ಮಾಡುತ್ತದೆ. ಬಿ8ರ ಉದ್ದ ಕಡಿಮೆ. ಕೋನಿ ಕಂಪನಿಯ ಹಳದಿ ಬಣ್ಣದ ಸ್ಪೋರ್ಟ್ ಡ್ಯಾಂಪರ್‌ನಲ್ಲಿ ರೀಬೌಂಡ್ ಅನ್ನು, ಅಂದರೆ ಕುಗ್ಗಿದ್ದು ಮತ್ತೆ ಹಿಗ್ಗುವಾಗಿನ ತಡೆಯನ್ನು, ಹೆಚ್ಚು ಕಡಿಮೆ ಮಾಡಬಹುದು. ಸ್ಪ್ರಿಂಗ್‌ಗಳನ್ನು ಮುಂದೆ ಎಂದಾದರೂ ಬದಲಾಯಿಸುವ ಯೋಚನೆ ಇದ್ದವರಿಗೆ ಇಂಥ ಹೊಂದಾಣಿಕೆ ಬಹಳ ಉಪಕಾರಿ. ಡ್ಯಾಂಪರ್ ಅನ್ನು ಎರಡನೇ ಸಲ ಕೊಳ್ಳಬೇಕಾಗಿ ಬರುವುದಿಲ್ಲ. ಆದರೆ ತಿರುಪು ಇದೆ ಎಂದು ಪೂರ್ತಿ ಬಿಗಿಸಿಬಿಡಬಾರದು. ರೀಬೌಂಡ್ ಅತಿಯಾದರೆ ಒಂದು ಉಬ್ಬಿಗೆ ಕುಗ್ಗಿದ ಚಕ್ರ ಮತ್ತೆ ಕೆಳಗಿಳಿಯುವಷ್ಟರಲ್ಲಿ ಮುಂದಿನ ಉಬ್ಬು ಬಂದಿರುತ್ತದೆ. ಸಾಲು ಉಬ್ಬುಗಳ ಮೇಲೆ ಕಾರು ಮೆಟ್ಟಿಲು ಮೆಟ್ಟಿಲಾಗಿ ಕುಸಿಯುತ್ತಾ ಹೋಗುತ್ತದೆ. ಅತಿ ಮೆದು ಸ್ಥಾನದಿಂದ ಶುರುಮಾಡಿ, ತೂಗಾಟ ನಿಂತ ಕೂಡಲೇ ತಿರುಪುವುದನ್ನು ನಿಲ್ಲಿಸುವುದು ಸರಿಯಾದ ಕ್ರಮ.

ಸ್ಪ್ರಿಂಗ್‌ಗಳಿಗೆ ಬರೋಣ. ಅವುಗಳ ಗಟ್ಟಿತನವನ್ನು ಒಂದು ಮಿಲಿಮೀಟರ್ ಕುಗ್ಗಿಸಲು ಎಷ್ಟು ಬಲ ಬೇಕು ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಜಪಾನಿ ತಯಾರಕರು 6 ಕೆಜಿ ಎಂದರೆ ಮಿಲಿಮೀಟರಿಗೆ ಸುಮಾರು 59 ನ್ಯೂಟನ್. ಆದರೆ ಪೆಟ್ಟಿಗೆಯ ಮೇಲಿನ ಅಂಕಿ ಚಕ್ರಕ್ಕೆ ಸಿಗುವ ಗಟ್ಟಿತನವಲ್ಲ. ಸ್ಪ್ರಿಂಗ್ ಚಕ್ರದ ಮೇಲೆಯೇ ಕೂತಿರುವುದಿಲ್ಲ, ತೋಳಿನ ನಡುವೆ ಎಲ್ಲೋ ಇರುತ್ತದೆ. ಚಕ್ರ 10 ಮಿಲಿಮೀಟರ್ ಏರಿದಾಗ ಸ್ಪ್ರಿಂಗ್ 7 ಮಿಲಿಮೀಟರ್ ಮಾತ್ರ ಕುಗ್ಗುವುದಾದರೆ ಆ ಅನುಪಾತ 0.7. ಗಟ್ಟಿತನವನ್ನು ಅದರ ವರ್ಗದಿಂದ ಗುಣಿಸಬೇಕು. 50 ನ್ಯೂಟನ್‌ನ ಸ್ಪ್ರಿಂಗ್ ಅಲ್ಲಿ ಚಕ್ರಕ್ಕೆ ಒದಗಿಸುವುದು 24.5 ಮಾತ್ರ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಅನುಪಾತ 0.95ರ ಆಸುಪಾಸಿನಲ್ಲಿರುತ್ತದೆ, ಅದೇ ಸ್ಪ್ರಿಂಗ್ 45ರಷ್ಟು ಕೊಡುತ್ತದೆ. ಗೆಳೆಯನ ಕಾರಿನ ಸ್ಪ್ರಿಂಗ್ ಅಂಕಿಯನ್ನು ನಿಮ್ಮ ಕಾರಿಗೆ ಎತ್ತಿಟ್ಟುಕೊಂಡರೆ ಕೆಡುವುದು ಇಲ್ಲಿಯೇ.

ಈ ಲೆಕ್ಕದಿಂದ ಒಂದು ಉಪಯುಕ್ತ ಅಳತೆ ಹೊರಡುತ್ತದೆ. ಕಾರಿನ ಒಂದು ಮೂಲೆಯ ಮೇಲಿನ ಭಾರ 250 ಕಿಲೋ, ಚಕ್ರದಲ್ಲಿನ ಗಟ್ಟಿತನ 20 ನ್ಯೂಟನ್ ಎಂದಿಟ್ಟುಕೊಳ್ಳಿ. ಆ ಮೂಲೆ ಸೆಕೆಂಡಿಗೆ ಸುಮಾರು 1.4 ಸಲ ತೂಗುತ್ತದೆ. ಗಟ್ಟಿತನ 40ಕ್ಕೆ ಏರಿದರೆ 2 ಸಲ. ಸಾಮಾನ್ಯ ಕಾರುಗಳು 1ರಿಂದ 1.5ರ ನಡುವೆ ಇರುತ್ತವೆ, ರಸ್ತೆಗೆಂದೇ ಮಾಡಿದ ಚುರುಕಾದ ಕಾರುಗಳು ಅದಕ್ಕಿಂತ ತುಸು ಮೇಲೆ. 2 ದಾಟಿದ ಮೇಲೆ ಅದು ನುಣುಪಾದ ರೇಸ್ ಟ್ರ್ಯಾಕಿನ ಸಾಮಾನು. ದಿನನಿತ್ಯದ ರಸ್ತೆಯಲ್ಲಿ ಅಂಥ ಸ್ಪ್ರಿಂಗ್ ಚಕ್ರವನ್ನು ನೆಲದಿಂದ ಹಾರಿಸುತ್ತದೆ.

ಎರಡನೇ ಕಾರಣ ತಗ್ಗಿಸುವಿಕೆಯದು. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಕಾರುಗಳನ್ನು ಕೆಡಿಸಿರುವುದು ಇದೇ. ಕಾರು ನಿಂತಿರುವಾಗ ಚಕ್ರ ಮೇಲೇರಲು 75 ಮಿಲಿಮೀಟರ್ ಜಾಗ ಇದೆ ಎನ್ನೋಣ. 40 ಮಿಲಿಮೀಟರ್ ತಗ್ಗಿಸಿದರೆ ಉಳಿಯುವುದು 35. ಅದೇ ಉಬ್ಬಿನ ಶಕ್ತಿಯನ್ನು ಆ ಚಿಕ್ಕ ಜಾಗದೊಳಗೆ ಸ್ಪ್ರಿಂಗ್ ಒಂದೇ ಹೀರಿಕೊಳ್ಳಬೇಕಾದರೆ ಅದು ಸುಮಾರು 4.6 ಪಟ್ಟು ಗಟ್ಟಿಯಾಗಿರಬೇಕು. ತಗ್ಗಿಸುವ ಸ್ಪ್ರಿಂಗ್‌ಗಳು ಅಷ್ಟು ಗಟ್ಟಿ ಇರುವುದಿಲ್ಲ, ಇದ್ದರೆ ಕಾರಿನಲ್ಲಿ ಕೂರಲಾಗುವುದಿಲ್ಲ. ಹಾಗಾಗಿ ಚಕ್ರ ಹೋಗಿ ಬಂಪ್ ಸ್ಟಾಪ್‌ಗೆ, ಅಂದರೆ ಕೊನೆಯಲ್ಲಿ ಬಡಿತ ತಡೆಯುವ ರಬ್ಬರ್ ದಿಂಬಿಗೆ ಗುದ್ದುತ್ತದೆ. ಆ ಕ್ಷಣ ಆ ಮೂಲೆಯ ಗಟ್ಟಿತನ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ತಿರುವಿನ ನಡುವೆ ಹೀಗಾದರೆ ಆ ಟೈರ್ ಹಿಡಿತ ಬಿಟ್ಟು ಕಾರು ಜಾರುತ್ತದೆ.

ನಿಮ್ಮ ಕಾರಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಡ್ಯಾಂಪರ್‌ನ ಹೊಳೆಯುವ ದಂಡ ಕಣ್ಣಿಗೆ ಕಾಣುವಂತೆ ಧೂಳುಕವಚವನ್ನು ಮೇಲೆತ್ತಿ, ದಂಡಕ್ಕೆ ತೆಳುವಾದ ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಬಿಗಿಯಾಗಿ ಸುತ್ತಿ, ಡ್ಯಾಂಪರ್‌ನ ಮೈಗೆ ತಾಗುವವರೆಗೆ ಕೆಳಗೆ ಸರಿಸಿ. ಮಾಮೂಲಿನ ರಸ್ತೆಯಲ್ಲಿ ಮಾಮೂಲಿನ ವೇಗದಲ್ಲಿ ಓಡಿಸಿ ಬನ್ನಿ. ಚಕ್ರ ಏರಿದಷ್ಟೂ ಡ್ಯಾಂಪರ್ ಆ ಟೈ ಅನ್ನು ಮೇಲಕ್ಕೆ ತಳ್ಳಿರುತ್ತದೆ. ಈಗ ಟೈಗೂ ಬಂಪ್ ಸ್ಟಾಪ್‌ಗೂ ನಡುವೆ ಕಾಣುವ ಅಂತರವೇ ನಿಮ್ಮ ಬಳಿ ಉಳಿದಿರುವ ಬಂಡವಾಳ. ಅದು 15 ಮಿಲಿಮೀಟರ್ ಇದ್ದರೆ 30 ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್ ಕೊಳ್ಳುವ ಮಾತೇ ಇಲ್ಲ.

ಸ್ಟ್ರಟ್ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ತಗ್ಗಿಸಿದರೆ ಇನ್ನೊಂದು ತೊಡಕು. ಕೆಳಗಿನ ತೋಳು ಮೇಲ್ಮುಖವಾಗಿ ಓರೆಯಾಗುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಕಾರಿನ ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿದುಬಿಡುತ್ತದೆ. ಎರಡರ ನಡುವಿನ ದೂರ ಹೆಚ್ಚಿದ್ದರಿಂದ, ಸ್ಪ್ರಿಂಗ್ ಅಷ್ಟೇ ಗಟ್ಟಿ ಇದ್ದರೆ ತಗ್ಗಿದ ಕಾರು ಮೊದಲಿಗಿಂತ ಹೆಚ್ಚು ವಾಲುತ್ತದೆ. ಸ್ಟೀರಿಂಗ್ ರಾಡುಗಳ ಕೋನವೂ ಕೆಟ್ಟು, ಉಬ್ಬು ಬಂದಾಗಲೆಲ್ಲ ಚಕ್ರ ತಾನಾಗಿ ತುಸು ತಿರುಗುತ್ತದೆ. ಬಿಎಂಡಬ್ಲ್ಯು ಇ30ರ ಹಿಂಬದಿಯ ತೋಳುಗಳ ವಿನ್ಯಾಸದಲ್ಲಿ, ಕಾರು ತಗ್ಗಿದಂತೆ ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ. ಅದನ್ನು ಸರಿಪಡಿಸುವ ಹೊಂದಾಣಿಕೆ ಮೂಲ ಕಾರಿನಲ್ಲಿ ಇಲ್ಲ, ಟೈರಿನ ಒಳಅಂಚು ಬೇಗ ಸವೆಯುತ್ತದೆ. ಪೋರ್ಷೆ 944ರ ಹಿಂಬದಿಯಲ್ಲಂತೂ ಸುರುಳಿ ಸ್ಪ್ರಿಂಗೇ ಇಲ್ಲ, ತಿರುಚಿಕೊಳ್ಳುವ ಉಕ್ಕಿನ ದಂಡಗಳಿವೆ. ಮುಂದಿನ ಸ್ಪ್ರಿಂಗ್‌ಗಳನ್ನು ತಗ್ಗಿಸಿದವರು ಹಿಂಬದಿಯನ್ನು ಸರಿದೂಗಿಸಲು ಆ ದಂಡಗಳ ಹಲ್ಲುಗಳನ್ನು ಬಿಡಿಸಿ ಮರುಜೋಡಿಸಬೇಕು. ಅದರ ಕೂಲಿಯೇ ಸ್ಪ್ರಿಂಗ್ ಬೆಲೆಯನ್ನು ನುಂಗಬಲ್ಲದು. ನಿಮ್ಮ ಕಾರಿನ ವಿನ್ಯಾಸ ಯಾವುದು ಎಂದು ತಿಳಿಯದೆ ಭಾಗಗಳನ್ನು ತರಿಸಬಾರದು ಎಂದು ಒತ್ತಿ ಹೇಳುವುದು ಇದಕ್ಕೇ.

ಮೂಲ ಸ್ಪ್ರಿಂಗ್ ಅನ್ನೇ ಕತ್ತರಿಸಿ ತಗ್ಗಿಸುವ ಪದ್ಧತಿಯೂ ಇದೆ. ಬೇಡ. ಕತ್ತರಿಸಿದ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಡಬಹುದು. ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುವುದಂತೂ ಉಕ್ಕಿನ ಹದವನ್ನೇ ಕೆಡಿಸುತ್ತದೆ.

ಅಗ್ಗದ ಕಾಯಿಲ್‌ಓವರ್‌ಗಳ ಆಕರ್ಷಣೆ ನನಗೆ ಅರ್ಥವಾಗುತ್ತದೆ. ಡ್ಯಾಂಪರ್, ಸ್ಪ್ರಿಂಗ್, ಎತ್ತರದ ಹೊಂದಾಣಿಕೆ ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ಬ್ರ್ಯಾಂಡ್ ಡ್ಯಾಂಪರ್‌ಗಳ ಬೆಲೆಗೇ ಸಿಗುತ್ತವೆ. ಆದರೆ ಅದೇ ಹಣದಲ್ಲಿ ಇಷ್ಟೆಲ್ಲ ಕೊಡಬೇಕಾದರೆ ಎಲ್ಲೋ ಉಳಿಸಲೇಬೇಕು. ಉಳಿತಾಯ ಕಣ್ಣಿಗೆ ಕಾಣದ ಜಾಗದಲ್ಲಿ, ಅಂದರೆ ಕವಾಟ, ಸೀಲು ಮತ್ತು ಎಣ್ಣೆಯಲ್ಲಿ ಆಗುತ್ತದೆ. ಬಣ್ಣದ ತಿರುಪಿನಲ್ಲಿ ಮೂವತ್ತು ಹಂತಗಳಿದ್ದರೂ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇಲ್ಲದಿರಬಹುದು. ಕೊಳ್ಳುವುದೇ ಆದರೆ ಮಾರುವವರನ್ನು ಕೆಲವು ಪ್ರಶ್ನೆ ಕೇಳಿ: ಡ್ಯಾಂಪರ್‌ನ ಬಲವನ್ನು ಅಳೆದ ನಕ್ಷೆ ಇದೆಯೇ, ಬಿಡಿಭಾಗ ಸಿಗುತ್ತದೆಯೇ, ಸೋರಿದರೆ ರಿಪೇರಿ ಆಗುತ್ತದೆಯೇ? ಮತ್ತೊಂದು ಸಂಗತಿ, ಸ್ಪ್ರಿಂಗ್ ಕೆಳಗಿನ ಉಂಗುರ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಸಮ ಸುರುಳಿಯ ಸ್ಪ್ರಿಂಗ್‌ನಲ್ಲಿ ಹಾಗಾಗುವುದಿಲ್ಲ. ಬದಲಾಗುವುದು ಕಾರಿನ ಎತ್ತರ ಮತ್ತು ಡ್ಯಾಂಪರ್ ಮೇಲೆ ಕೆಳಗೆ ಚಲಿಸಲು ಉಳಿಯುವ ಜಾಗದ ಹಂಚಿಕೆ. ಸ್ಪ್ರಿಂಗ್ ಅನ್ನು ಮುಟ್ಟದೆ ಕೆಳಗಿನ ಬುಡವನ್ನೇ ಉದ್ದ ಗಿಡ್ಡ ಮಾಡಲು ಬರುವ ಮಾದರಿಯಲ್ಲಿ ಈ ಜಾಗ ಉಳಿಯುತ್ತದೆ.

ಕಾರು ವಾಲುವುದೇ ನಿಮ್ಮ ಮುಖ್ಯ ದೂರಾದರೆ ದಪ್ಪನೆಯ ಆಂಟಿ ರೋಲ್ ಬಾರ್, ಅಂದರೆ ಎಡ ಬಲ ಚಕ್ರಗಳ ಸಸ್ಪೆನ್ಷನ್ ಅನ್ನು ಜೋಡಿಸುವ ಉಕ್ಕಿನ ದಂಡ, ಒಳ್ಳೆಯ ಉತ್ತರ. ಇದರ ಗಟ್ಟಿತನ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 20 ಮಿಲಿಮೀಟರ್ ದಂಡದ ಬದಲು 22 ಮಿಲಿಮೀಟರ್ ಹಾಕಿದರೆ ಶೇ. 46ರಷ್ಟು ಹೆಚ್ಚು. ಎರಡೂ ಚಕ್ರ ಒಟ್ಟಿಗೆ ಏರಿದಾಗ ಅದು ಅಡ್ಡಬರುವುದಿಲ್ಲ, ಆದ್ದರಿಂದ ಸವಾರಿ ಅಷ್ಟೇನೂ ಕೆಡುವುದಿಲ್ಲ. ಯಾವ ತುದಿಗೆ ದಪ್ಪ ಬಾರ್ ಹಾಕುತ್ತೀರೋ ಆ ತುದಿ ತಿರುವಿನಲ್ಲಿ ಮೊದಲು ಹಿಡಿತ ಬಿಡುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಹಿಂಚಕ್ರ ಚಾಲನೆಯ ಕಾರಿಗೆ ಹಿಂದೆ ಮಾತ್ರ ದಪ್ಪ ಬಾರ್ ಹಾಕಿ, ಮಳೆಯಲ್ಲಿ ಓಡಿಸಲು ಹೊರಡುವುದು ಅಪಾಯ.

ಬುಷ್ ಬದಲಿಸುವಾಗ ರಬ್ಬರ್‌ಗಿಂತ ಗಟ್ಟಿಯಾದ ಪಾಲಿಯುರೆಥೇನ್ ಹಾಕಬೇಕೇ ಎಂಬ ಪ್ರಶ್ನೆ ಬರುತ್ತದೆ. ಒಂದೇ ಅಕ್ಷದಲ್ಲಿ ತಿರುಗುವ ಜಾಗದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಹಲವು ದಿಕ್ಕಿಗೆ ಬಾಗಬೇಕಾದ ಹಿಂದಿನ ತೋಳುಗಳಲ್ಲಿ ಅದು ಚಲನೆಯನ್ನೇ ಕಟ್ಟಿಹಾಕಬಹುದು. ರಸ್ತೆಯ ಕಾರಿಗೆ ಹೊಸ ರಬ್ಬರ್ ಬುಷ್ ನನ್ನ ಆಯ್ಕೆ.

ಉಳಿತಾಯಕ್ಕೆ ಉತ್ತಮ ದಾರಿ ಕಾರನ್ನು ತಯಾರಿಸಿದ ಕಂಪನಿಯೇ ಅದೇ ಮಾದರಿಯ ಮೇಲಿನ ಆವೃತ್ತಿಗೆ ಹಾಕಿದ್ದ ಭಾಗಗಳನ್ನು ಹುಡುಕುವುದು. ಪೋರ್ಷೆ 944ಕ್ಕೆ ಎಂ030 ಎಂಬ ಸಂಕೇತದ ಸ್ಪೋರ್ಟ್ ಸಸ್ಪೆನ್ಷನ್ ಇತ್ತು, ದಪ್ಪ ರೋಲ್ ಬಾರ್‌ಗಳು ಅದರೊಂದಿಗೆ ಬರುತ್ತಿದ್ದವು. ಎಂಎಕ್ಸ್-5ರ ಕೆಲವು ಆವೃತ್ತಿಗಳಿಗೆ ಬಿಲ್‌ಸ್ಟೈನ್ ಡ್ಯಾಂಪರ್ ಹಾಕಿ ಕೊಡುತ್ತಿದ್ದರು. ಇವು ಇಡೀ ಕಾರಿನ ಲೆಕ್ಕ ಹಿಡಿದು ಪರೀಕ್ಷಿಸಿದ ಭಾಗಗಳು, ನಟ್ಟು ಬೋಲ್ಟಿನವರೆಗೆ ಕೂರುತ್ತವೆ. ಬಳಸಿದ ರೋಲ್ ಬಾರ್ ಕೊಳ್ಳಲು ಹಿಂಜರಿಯಬೇಕಿಲ್ಲ, ಅದು ಬರಿಯ ಉಕ್ಕಿನ ದಂಡ. ತುಕ್ಕು ಬಿರುಕು ಇಲ್ಲದ ಸ್ಪ್ರಿಂಗ್ ಕೂಡ ಆದೀತು. ಬಳಸಿದ ಡ್ಯಾಂಪರ್ ಮಾತ್ರ, ಮರುಜೋಡಣೆ ಮಾಡಿಸಿದ ದಾಖಲೆ ಇಲ್ಲದಿದ್ದರೆ, ಬೇಡ.

ಕೂಲಿಯನ್ನೂ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ. ಡ್ಯಾಂಪರ್, ಬುಷ್, ಟಾಪ್ ಮೌಂಟ್, ಬಂಪ್ ಸ್ಟಾಪ್ ಎಲ್ಲಕ್ಕೂ ಬಿಚ್ಚಬೇಕಾದದ್ದು ಬಹುತೇಕ ಅದೇ ಬೋಲ್ಟುಗಳು. ಒಂದೇ ಸಲಕ್ಕೆ ಮಾಡಿಸಿದರೆ ಕೂಲಿಯೂ ಒಂದೇ ಸಲ, ಅಲೈನ್‌ಮೆಂಟೂ ಒಂದೇ ಸಲ. ತುಕ್ಕು ಹಿಡಿದ ಬೋಲ್ಟುಗಳಿಗೆ ಕೆಲವು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ, ಮುರಿದ ಬೋಲ್ಟು ತೆಗೆಯುವ ಖರ್ಚು ಉಳಿಯುತ್ತದೆ. ಕುಗ್ಗಿಸಿದ ಸ್ಪ್ರಿಂಗ್ ಪ್ರಾಣಾಪಾಯಕಾರಿ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಕುಗ್ಗಿಸಿ ಹಿಡಿಯುವ ಉಪಕರಣ) ಮತ್ತು ಅನುಭವ ಇಲ್ಲದವರು ಸ್ಟ್ರಟ್ ಬಿಚ್ಚುವ ಕೆಲಸಕ್ಕೆ ಕೈಹಾಕಬಾರದು. ರಬ್ಬರ್ ಬುಷ್‌ಗಳ ಬೋಲ್ಟನ್ನು ಕೊನೆಯ ಸಲ ಬಿಗಿಸುವಾಗ ಕಾರು ತನ್ನ ಭಾರದಲ್ಲಿ ಚಕ್ರಗಳ ಮೇಲೆ ನಿಂತಿರಬೇಕು. ಚಕ್ರ ತೂಗಾಡುತ್ತಿರುವಾಗಲೇ ಬಿಗಿಸಿದರೆ ಕಾರು ಕೆಳಗಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಗಡಿಬಿಡಿಯ ಗ್ಯಾರೇಜುಗಳಲ್ಲಿ ಈ ಒಂದು ಹೆಜ್ಜೆ ತಪ್ಪಿಹೋಗುವುದು ಸಾಮಾನ್ಯ, ಎದುರಿಗೆ ನಿಂತು ಕೇಳಿ ಮಾಡಿಸಿಕೊಳ್ಳಿ.

ಆಮೇಲೆ ಅಲೈನ್‌ಮೆಂಟ್. ಚುರುಕಾಗಿ ಓಡಿಸುವ ರಸ್ತೆ ಕಾರಿಗೆ ಚಕ್ರದ ತಲೆ 1ರಿಂದ 1.5 ಡಿಗ್ರಿಯಷ್ಟು ಒಳಕ್ಕೆ ವಾಲಿದ್ದು, ಮುಂಚಕ್ರಗಳು ಹೆಚ್ಚುಕಡಿಮೆ ನೇರವಾಗಿ ಮುಂದೆ ನೋಡುತ್ತಿದ್ದರೆ ಸಾಕು. ಕಾರಿನ ಹೊಂದಾಣಿಕೆ ಅನುಮತಿಸಿದರೆ ಈ ಸಣ್ಣ ಬದಲಾವಣೆಯೇ ಸ್ಟೀರಿಂಗಿನ ಚುರುಕನ್ನು ಎದ್ದು ಕಾಣುವಂತೆ ಹೆಚ್ಚಿಸುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ, ಕೇಬಲ್ ಟೈ ಎಲ್ಲಿದೆ ನೋಡಿ. ಟೈ ಬಂಪ್ ಸ್ಟಾಪ್‌ನಿಂದ ಸಾಕಷ್ಟು ದೂರವೇ ನಿಂತಿದ್ದು, ಆದರೂ ಕಾರು ನಿಮಗೆ ಬೇಕಾದ್ದಕ್ಕಿಂತ ಹೆಚ್ಚು ವಾಲುತ್ತಿದೆ ಎನಿಸಿದರೆ ಆಗ ರೋಲ್ ಬಾರ್ ಕೊಳ್ಳಿ. ಅದಾದ ಮೇಲೂ ತೃಪ್ತಿಯಾಗದಿದ್ದರೆ 15, 20 ಮಿಲಿಮೀಟರಿಗಿಂತ ಹೆಚ್ಚು ತಗ್ಗಿಸದ, ನಿಮ್ಮ ಡ್ಯಾಂಪರ್ ತಡೆಯಬಲ್ಲಷ್ಟೇ ಗಟ್ಟಿಯಾದ ಸ್ಪ್ರಿಂಗ್‌ಗಳತ್ತ ನೋಡಬಹುದು.